ಜನರ ಪ್ರಶ್ನೆಗಳನ್ನು ಹೊತ್ತ ವಚನ ಪಿತಾಮಹ: ಡಾ. ಫ.ಗು. ಹಳಕಟ್ಟಿಯವರ ಲೋಕಸೇವೆ

ಪ್ರತಿವರ್ಷ ಜುಲೈ 2ರಂದು ನಾಡಿನಾದ್ಯಂತ ವಚನ ಸಾಹಿತ್ಯ ಸಂರಕ್ಷಣಾ ದಿನವನ್ನು ಆಚರಿಸಲಾಗುತ್ತದೆ. ಅದು ಪ್ರಾತಃಸ್ಮರಣೀಯರಾದ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜನ್ಮದಿನ. ತಾಡೋಲೆಯ ಕಟ್ಟುಗಳಲ್ಲಿ ಹುದುಗಿ, ಗೆದ್ದಲಿಗೂ ಹೊಗೆಗೂ ಈಡಾಗುತ್ತಿದ್ದ ಶರಣರ ನುಡಿಗಳನ್ನು ಮನೆಮನೆ ತಿರುಗಿ ಕೂಡಿಸಿ, ತಿದ್ದಿ, ಅಚ್ಚು ಹಾಕಿಸಿ ನಮ್ಮ ಕೈಗಿತ್ತ ಆ ಪುಣ್ಯಪುರುಷರನ್ನು ವಚನ ಪಿತಾಮಹರೆಂದು ನಾವು ಕರೆಯುತ್ತೇವೆ. ಆ ಬಿರುದು ಅವರಿಗೆ ಸರ್ವಥಾ ಸಲ್ಲುವಂಥದು. ಆದರೆ ಆ ಬಿರುದಿನ ಪ್ರಭೆಯಲ್ಲಿ ಅವರ ಬದುಕಿನ ಇನ್ನೊಂದು ಮುಖ ಮರೆಯಾಗಿದೆ. ಅವರು ನಗರಸಭೆಯಲ್ಲಿ ಕುಳಿತು ಊರ ನೀರಿನ ಚಿಂತೆ ಮಾಡಿದವರು. ಬಡ್ಡಿಯ ಬಲೆಯಿಂದ ಒಕ್ಕಲಿಗರನ್ನು ಬಿಡಿಸಲು ಬ್ಯಾಂಕು ಕಟ್ಟಿದವರು. ಮುಂಬಯಿಯ ವಿಧಾನ ಪರಿಷತ್ತಿನಲ್ಲಿ ಬಿಜಾಪುರ ಜಿಲ್ಲೆಯ ಪ್ರತಿನಿಧಿಯಾಗಿ ಆಳುವವರ ಮುಂದೆ ನಿಂತವರು. ವಚನಗಳ ಹಳಕಟ್ಟಿಯವರೂ ಜನಪ್ರತಿನಿಧಿ ಹಳಕಟ್ಟಿಯವರೂ ಇಬ್ಬರಲ್ಲ, ಒಬ್ಬರೇ ಎಂಬುದನ್ನು ಸದ್ಭಕ್ತರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಜನನ, ವಿದ್ಯಾಭ್ಯಾಸ

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು, ತಾಯಿ ದಾನಾದೇವಿಯವರು. ಕಾಲದ ಒಂದು ಸೊಗಸಾದ ಹೊಂದಾಣಿಕೆಯನ್ನು ಇಲ್ಲಿ ನೆನೆಯಬೇಕು. ಅದೇ ತಿಂಗಳ 12ರಂದು ಬಿಜಾಪುರದಲ್ಲಿ ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರು ಹುಟ್ಟಿದರು. ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ಬಿಜಾಪುರವನ್ನು ಕರ್ಮಭೂಮಿಯಾಗಿ ಮಾಡಿಕೊಂಡರು. ಬಿಜಾಪುರದಲ್ಲಿ ಹುಟ್ಟಿದ ಆಲೂರರು ಧಾರವಾಡವನ್ನು. ಹತ್ತು ದಿನಗಳ ಅಂತರದಲ್ಲಿ ಎರಡು ಊರುಗಳು ತಮ್ಮ ಮಕ್ಕಳನ್ನು ಒಂದಕ್ಕೊಂದು ಧಾರೆಯೆರೆದು ಕೊಟ್ಟಂತಾಯಿತು.

ಧಾರವಾಡದಲ್ಲಿ ಓದು ಮುಗಿಸಿದ ತರುಣ ಫಕೀರಪ್ಪನವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ 1901ರಲ್ಲಿ ಬಿ.ಎ. ಪದವಿಯನ್ನೂ 1904ರಲ್ಲಿ ಕಾನೂನು ಪದವಿಯನ್ನೂ ಪಡೆದರು. ಮುಂಬಯಿಯಲ್ಲಿ ಮರಾಠಿ ಮತ್ತು ಗುಜರಾತಿ ಸಹಪಾಠಿಗಳು ತಮ್ಮ ನುಡಿ, ತಮ್ಮ ಸಂಸ್ಥೆಗಳ ಬಗೆಗೆ ತಾಳಿದ್ದ ಅಭಿಮಾನವನ್ನು ಅವರು ಕಣ್ಣಾರೆ ಕಂಡರು. ಕನ್ನಡಿಗರ ಹಿಂದುಳಿಕೆ ಅವರ ಮನಸ್ಸನ್ನು ಚುಚ್ಚಿತು. ಊರಿಗೆ ಮರಳಿದ ಮೇಲೆ ತಾವು ಮಾಡಬೇಕಾದ ಕೆಲಸವೇನೆಂಬುದು ಅಲ್ಲಿಯೇ ಅವರಿಗೆ ಹೊಳೆದಿತ್ತು.

ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ಅದೇ 1904ರಲ್ಲಿ ಅವರು ಬಿಜಾಪುರಕ್ಕೆ ಬಂದು ನೆಲೆಸಿದರು. ಮುಂದೆ ಸರಕಾರಿ ವಕೀಲರೂ ಆದರು. ಆ ಹೊತ್ತಿಗಾಗಲೇ ರಬಕವಿಯ ಮಂಚಾಲೆ ಮನೆತನದಲ್ಲಿ ವಚನಗಳ ಕೈಬರಹದ ಕಟ್ಟುಗಳನ್ನು ಅವರು ನೋಡಿದ್ದರು. ಅಂದು ಹತ್ತಿದ ಗೀಳು ಕೊನೆಯುಸಿರಿನವರೆಗೂ ಬಿಡಲಿಲ್ಲ.

ಬರದ ಸೀಮೆಯ ವಕೀಲ

ಹಳಕಟ್ಟಿಯವರು ಬಂದು ನೆಲೆಸಿದ ಜಿಲ್ಲೆ ಹೇಗಿತ್ತು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರೆಭೂಮಿ, ಹಿಂಗಾರಿ ಜೋಳ, ಆಕಾಶದ ಕಡೆಗೆ ನೆಟ್ಟ ಕಣ್ಣು. ಬಡಗಣಕ್ಕೆ ಭೀಮೆ, ತೆಂಕಣಕ್ಕೆ ಕೃಷ್ಣೆ, ನಡುವೆ ಉಪ್ಪುನೀರಿನ ಡೋಣಿ. ಹೊಳೆಗಳು ಹರಿದರೂ ಹೊಲಕ್ಕೆ ಹನಿ ನೀರಿಲ್ಲದ ಸ್ಥಿತಿ. ಡೋಣಿ ತುಂಬಿ ಹರಿದ ವರ್ಷ ನಾಡಿಗೆಲ್ಲ ಉಣಿಸುವಷ್ಟು ಜೋಳ. ಮಳೆ ಕೈಕೊಟ್ಟ ವರ್ಷ ಹಗೇವು ಬರಿದು, ದನಕ್ಕೆ ಮೇವಿಲ್ಲ, ಜನಕ್ಕೆ ಗುಳೆಯ ದಾರಿ.

1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆಯೇ ಕುಗ್ಗಿಹೋಯಿತು. ಹಳಕಟ್ಟಿಯವರು ಹುಟ್ಟುವ ಎರಡು ವರ್ಷ ಮೊದಲಷ್ಟೇ ಆ ಕ್ಷಾಮ ತೀರಿತ್ತು. 1884ರ ಸುಮಾರಿಗೆ ಹೊಟಗಿ ಗದಗ ರೈಲುದಾರಿ ಬಿಜಾಪುರದ ಮೇಲೆ ಹಾದುಹೋಯಿತು. ಜಿಲ್ಲೆಯ ಕಚೇರಿಗಳೂ ಕಲಾದಗಿಯಿಂದ ಬಿಜಾಪುರಕ್ಕೆ ಬಂದವು. ಆದರೆ ಸಿಂದಗಿ, ಮುದ್ದೇಬಿಹಾಳಗಳಂಥ ಊರುಗಳು ರೈಲಿನಿಂದ ದೂರವೇ ಉಳಿದವು. 1896ರಿಂದ 1900ರವರೆಗೆ ಮತ್ತೆ ಬರ, ಜೊತೆಗೆ ಪ್ಲೇಗು. 1918ರಲ್ಲಿ ಮಳೆಯ ಕೊರತೆಯೊಂದಿಗೆ ಇನ್‌ಫ್ಲುಯೆಂಜಾ ಮಾರಿ ಊರೂರನ್ನು ಬಳಿದುಕೊಂಡು ಹೋಯಿತು.

ಇಂಥ ಸೀಮೆಯಲ್ಲಿ ವಕೀಲನ ಮನೆಯ ಕಟ್ಟೆಗೆ ಬರುವವರು ಯಾರು? ಸಾಲಕ್ಕೆ ಹೊಲ ಬರೆದುಕೊಟ್ಟವನು, ಕಂದಾಯ ಕಟ್ಟಲಾರದೆ ನೋಟೀಸು ಪಡೆದವನು, ಬದುವಿನ ಜಗಳದಲ್ಲಿ ಇದ್ದುದನ್ನೂ ಕಳೆದುಕೊಂಡವನು. ಒಬ್ಬೊಬ್ಬನ ವ್ಯಾಜ್ಯವನ್ನು ನ್ಯಾಯಾಲಯದಲ್ಲಿ ಗೆಲ್ಲಿಸಿಕೊಟ್ಟರೂ ಬರ ಹೋಗುವುದಿಲ್ಲ, ಬಡ್ಡಿ ಹೋಗುವುದಿಲ್ಲ, ಅಕ್ಷರವಿಲ್ಲದವನು ಹೆಬ್ಬೆಟ್ಟು ಒತ್ತಿ ಮೋಸಹೋಗುವುದು ತಪ್ಪುವುದಿಲ್ಲ. ಹಳಕಟ್ಟಿಯವರು ವ್ಯಾಜ್ಯದಿಂದ ವ್ಯವಸ್ಥೆಯ ಕಡೆಗೆ ದೃಷ್ಟಿ ಹೊರಳಿಸಿದರು. 1910ರಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಇಂದು ಬಿ.ಎಲ್.ಡಿ.ಇ. ಎಂದು ಹೆಸರಾದ ಹೆಮ್ಮರ. ಮುಂದೆ ಇಂಡಿ ಸೀಮೆಯ ಬಂಥನಾಳದ ಪೂಜ್ಯ ಸಂಗನಬಸವ ಶಿವಯೋಗಿಗಳು ಆ ಸಸಿಗೆ ನೀರೆರೆದು ಬೆಳೆಸಿದ್ದನ್ನು ಈ ಭಾಗದ ಭಕ್ತರೆಲ್ಲ ಬಲ್ಲರು. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಸಹಕಾರದ ಕಾನೂನು ಬಂದದ್ದು 1904ರಲ್ಲಿ. ಗದಗ ಸೀಮೆಯ ಕಣಗಿನಹಾಳದಲ್ಲಿ ಮೊದಲ ಸಂಘ ಹುಟ್ಟಿದ್ದು 1905ರಲ್ಲಿ. ಅದಾದ ಕೆಲವೇ ವರ್ಷಗಳಲ್ಲಿ ಬರದ ಜಿಲ್ಲೆಗೆ ಆ ಬೆಳಕನ್ನು ತಂದವರು ಹಳಕಟ್ಟಿಯವರು. ಬಿಜಾಪುರ ನಗರಸಭೆಯ ಅಧ್ಯಕ್ಷರಾಗಿಯೂ ಅವರು ದುಡಿದರು. ಭೂತನಾಳ ಕೆರೆಯಿಂದ ಊರಿಗೆ ಕುಡಿಯುವ ನೀರು ಬಂದ ಕಥೆಯನ್ನು ಹೇಳುವಾಗ ವಿಜಯಪುರದ ಹಿರಿಯರು ಅವರ ಹೆಸರನ್ನು ಕೂಡಿಸಿಯೇ ಹೇಳುತ್ತಾರೆ.

ಮುಂಬಯಿ ವಿಧಾನ ಪರಿಷತ್ತಿನಲ್ಲಿ

1920ರಲ್ಲಿ ಹಳಕಟ್ಟಿಯವರು ಮುಂಬಯಿ ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಅದು ಇಂದಿನ ಮೇಲ್ಮನೆಯಂಥದಲ್ಲ. ಪ್ರಾಂತಕ್ಕೆಲ್ಲ ಇದ್ದುದು ಅದೊಂದೇ ಸಭೆ. 1919ರ ಕಾಯಿದೆಯ ಪ್ರಕಾರ ರಚಿತವಾದ ಆ ಪರಿಷತ್ತಿನಲ್ಲಿ 86 ಮಂದಿ ಚುನಾಯಿತ ಸದಸ್ಯರಿದ್ದರು. ಸಿಂಧದಿಂದ ಕಾರವಾರದವರೆಗೆ ಹಬ್ಬಿದ್ದ ಪ್ರಾಂತದಲ್ಲಿ ಕನ್ನಡದ ಜಿಲ್ಲೆಗಳು ಬಿಜಾಪುರ, ಬೆಳಗಾವಿ, ಧಾರವಾಡ ಮತ್ತು ಉತ್ತರ ಕನ್ನಡ, ಈ ನಾಲ್ಕೇ. ಮತ ಹಾಕುವ ಹಕ್ಕು ಇದ್ದುದಾದರೂ ಯಾರಿಗೆ? ನಿಗದಿತ ಮೊತ್ತದ ಕಂದಾಯವನ್ನೋ ತೆರಿಗೆಯನ್ನೋ ಕಟ್ಟುವವರಿಗೆ ಮಾತ್ರ. ಜೀತದಾಳಿಗಿಲ್ಲ, ಕೂಲಿಕಾರನಿಗಿಲ್ಲ, ಆ ಚುನಾವಣೆಯಲ್ಲಿ ತಾಯಂದಿರಿಗೂ ಇಲ್ಲ. ಮತವಿಲ್ಲದ ಬಹುಜನರ ಮಾತನ್ನು ಮತವಿದ್ದ ಕೆಲವರ ಪ್ರತಿನಿಧಿಯೇ ಆಡಬೇಕಾದ ಕಾಲ ಅದು.

ಆ ಸಭೆಗೆ ಹೋಗಬೇಕೇ ಬೇಡವೇ ಎಂಬುದೂ ಅಂದು ದೊಡ್ಡ ಧರ್ಮಸಂಕಟವಾಗಿತ್ತು. ಅಸಹಕಾರ ಚಳವಳಿಯ ಭಾಗವಾಗಿ ಶಾಸನಸಭೆಗಳನ್ನು ಬಹಿಷ್ಕರಿಸಬೇಕೆಂದು ಕಾಂಗ್ರೆಸ್ಸು ಕರೆಕೊಟ್ಟಿತ್ತು. ನಾಡಿನ ಅನೇಕ ಸತ್ಪುರುಷರು ಆ ಕರೆಗೆ ಓಗೊಟ್ಟು ಹೊರಗುಳಿದರು, ಸೆರೆಮನೆ ಕಂಡರು. ಅವರ ತ್ಯಾಗ ದೊಡ್ಡದು. ಹಳಕಟ್ಟಿಯವರು ಒಳಗೆ ಹೋಗುವ ದಾರಿಯನ್ನು ಹಿಡಿದರು. ಸ್ವರಾಜ್ಯ ಬರುವವರೆಗೆ ಬರ ಕಾಯುವುದಿಲ್ಲ, ಶಾಲೆಯಿಲ್ಲದ ಊರಿನ ಮಗು ಬೆಳೆಯದೆ ನಿಲ್ಲುವುದಿಲ್ಲ. ಆಳುವವರು ಯಾರೇ ಇರಲಿ, ಜನರ ಅಳಲನ್ನು ಅವರ ಕಿವಿಗೆ ಮುಟ್ಟಿಸುವವರೂ ಬೇಕಾಗಿದ್ದರು. ಎರಡೂ ದಾರಿಗಳಲ್ಲಿ ನಡೆದವರನ್ನು ಇಂದು ನಾವು ಗೌರವದಿಂದ ಕಾಣಬೇಕು.

ಆ ಸಭೆಯ ಕಾರ್ಯವಿಧಾನವನ್ನು ಅರಿತರೆ ಪ್ರಶ್ನೆ ಕೇಳುವುದು ಎಷ್ಟು ಕಷ್ಟದ ಕೆಲಸವೆಂಬುದು ತಿಳಿಯುತ್ತದೆ. 1892ರ ಕಾಯಿದೆ ಸದಸ್ಯರಿಗೆ ಮೊದಲಬಾರಿಗೆ ಪ್ರಶ್ನೆ ಕೇಳುವ ಹಕ್ಕನ್ನು ಕೊಟ್ಟಿತು. 1909ರ ಸುಧಾರಣೆಯಲ್ಲಿ ಉತ್ತರದ ಮೇಲೆ ಉಪಪ್ರಶ್ನೆ ಕೇಳುವ ಅವಕಾಶ ಬಂತು. ಪ್ರಶ್ನೆಯನ್ನು ಮುಂಚಿತವಾಗಿಯೇ ಬರೆದು ಕೊಡಬೇಕು. ಅದರಲ್ಲಿ ಆವೇಶಕ್ಕೆ ಎಡೆಯಿಲ್ಲ. ಊರು, ಇಸವಿ, ಅಂಕಿಸಂಖ್ಯೆ ಖಚಿತವಾಗಿರಬೇಕು. ವಾದವೆಲ್ಲ ಇಂಗ್ಲಿಷಿನಲ್ಲಿ. ಮುದ್ದೇಬಿಹಾಳದ ಒಕ್ಕಲಿಗನ ಕಣ್ಣೀರನ್ನು ಮುಂಬಯಿಯ ಇಂಗ್ಲಿಷಿಗೆ ಇಳಿಸುವುದು ಸಣ್ಣ ಕಾಯಕವೇನಲ್ಲ.

ಇನ್ನೊಂದು ತೊಡಕೂ ಇತ್ತು. ಆಗಿನ ದ್ವಿಮುಖ ಆಡಳಿತದಲ್ಲಿ ಶಿಕ್ಷಣ, ಆರೋಗ್ಯ, ಕೃಷಿ, ಸಹಕಾರ, ಸ್ಥಳೀಯ ಸಂಸ್ಥೆಗಳು ಭಾರತೀಯ ಮಂತ್ರಿಗಳ ಕೈಯಲ್ಲಿದ್ದವು. ಹಣಕಾಸು, ಕಂದಾಯ, ನೀರಾವರಿ, ಕ್ಷಾಮ ಪರಿಹಾರ, ಪೊಲೀಸು ಇವೆಲ್ಲ ಗವರ್ನರರ ಕಾರ್ಯಕಾರಿ ಮಂಡಲಿಯಲ್ಲೇ ಉಳಿದವು. ಆ ಮಂಡಲಿ ಸಭೆಗೆ ಹೊಣೆಯಲ್ಲ. ಹೀಗಾಗಿ ಬರದ ಪ್ರಶ್ನೆ ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಊರ ಬಾವಿಗೆ ಒಂದು ಬಾಗಿಲು, ಹೊಲದ ಕಾಲುವೆಗೆ ಮತ್ತೊಂದು. ಬೀಜಕ್ಕೆ ಮಂತ್ರಿಗಳು, ಕಂದಾಯ ಮಾಫಿಗೆ ಮಂಡಲಿಯ ಸದಸ್ಯರು. ಎರಡಕ್ಕೂ ಬೇಕಾದ ಹಣದ ಕೀಲಿ ಮಾತ್ರ ಮಂತ್ರಿಗಳ ಬಳಿ ಇರಲಿಲ್ಲ. ಬರದ ಜಿಲ್ಲೆಯ ಪ್ರತಿನಿಧಿಗೆ ತಾಳ್ಮೆ, ದಾಖಲೆಗಳ ಅರಿವು, ಮತ್ತೆ ಮತ್ತೆ ಕೇಳುವ ಛಲ ಮೂರೂ ಬೇಕಾಗಿದ್ದವು. ವಕೀಲಿಯಲ್ಲಿ ಪಳಗಿ, ಹಸ್ತಪ್ರತಿಗಳ ಒಂದೊಂದು ಅಕ್ಷರವನ್ನೂ ತಾಳೆ ನೋಡುತ್ತಿದ್ದ ಹಳಕಟ್ಟಿಯವರಲ್ಲಿ ಆ ಮೂರು ಗುಣಗಳೂ ಇದ್ದವು.

ಆ ಪರಿಷತ್ತಿನ ಅಧ್ಯಕ್ಷಪೀಠದಲ್ಲಿ ಕುಳಿತವರು ಹೊನ್ನಾವರದಲ್ಲಿ ಹುಟ್ಟಿದ ಸರ್ ನಾರಾಯಣ ಚಂದಾವರಕರರು. ಶಿಕ್ಷಣ ಮಂತ್ರಿಗಳಾಗಿದ್ದವರು ಗಣಿತಜ್ಞ ಆರ್.ಪಿ. ಪರಾಂಜಪೆಯವರು. ಮುಂದೆ ಮಂತ್ರಿಪದವಿಗೇರಿದ ಸರ್ ಸಿದ್ದಪ್ಪ ಕಂಬಳಿಯವರಂಥ ಕನ್ನಡಿಗರೂ ಆ ದಶಕದಲ್ಲಿ ಅದೇ ಸಭೆಯಲ್ಲಿ ಬೆಳೆದರು. ಮೊದಲ ಮೂರು ವರ್ಷಗಳಲ್ಲಿ ಆ ಸಭೆಯ ಮುಂದೆ ಬಂದ ಸಂಗತಿಗಳು ನಿತ್ಯಜೀವನಕ್ಕೆ ಎಷ್ಟು ಹತ್ತಿರವಾಗಿದ್ದವೆಂಬುದನ್ನು ನೋಡಬೇಕು. 1921ರಲ್ಲಿ ತಾಯಂದಿರಿಗೆ ಮತದ ಹಕ್ಕು ಕೊಡುವ ನಿರ್ಣಯವನ್ನು ಅದು ಅಂಗೀಕರಿಸಿತು. 1923ರಲ್ಲಿ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂದು, ಊರ ಶಾಲೆಗಳ ಹೊಣೆ ಸ್ಥಳೀಯ ಸಂಸ್ಥೆಗಳಿಗೆ ಹೋಯಿತು. ಕಡ್ಡಾಯ ಶಿಕ್ಷಣಕ್ಕೂ ದಾರಿಯಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಎಸ್.ಕೆ. ಬೋಲೆಯವರು ಮಂಡಿಸಿದ ನಿರ್ಣಯ ಸ್ವೀಕೃತವಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ ಬಾವಿ, ಕೆರೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂಬುದು ಅದರ ಆಶಯ. ಎಂಟು ಶತಮಾನಗಳ ಹಿಂದೆ ಕಲ್ಯಾಣದಲ್ಲಿ ಶರಣರು ನಡೆದು ತೋರಿದ್ದನ್ನು ಆಧುನಿಕ ಶಾಸನಸಭೆಯೊಂದು ಕಾಗದದ ಮೇಲೆ ಬರೆಯತೊಡಗಿತ್ತು.

ಕಾಗದದ ಮೇಲೆ ಬರೆದುದು ಕೊಡದಲ್ಲಿ ನೀರಾಗಲು ಬೇರೆಯೇ ಶ್ರಮ ಬೇಕು. ಬೋಲೆಯವರ ನಿರ್ಣಯ ಬಂದ ಮೇಲೂ ಮಹಾಡದ ಕೆರೆಯ ನೀರನ್ನು ಮುಟ್ಟಲು ಡಾ. ಅಂಬೇಡ್ಕರರು 1927ರಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಸಭೆಯ ಉತ್ತರಕ್ಕೂ ಊರಿನ ಬದುಕಿಗೂ ನಡುವೆ ಇರುವ ಈ ಅಂತರವನ್ನು ಹಳಕಟ್ಟಿಯವರು ಚೆನ್ನಾಗಿ ಅರಿತಿದ್ದರು. ಸರಕಾರವನ್ನು ಕೇಳಿ ಸುಮ್ಮನಾಗುವವರ ಪೈಕಿ ಅವರಾಗಿರಲಿಲ್ಲ. ಶಾಲೆ ಬೇಕೆನ್ನುವ ಮೊದಲೇ ಶಾಲೆ ಕಟ್ಟುವ ಸಂಸ್ಥೆಯನ್ನು ಹುಟ್ಟುಹಾಕಿದ್ದರು. ರೈತನಿಗೆ ಸಾಲ ಬೇಕೆನ್ನುವ ಮೊದಲೇ ಬ್ಯಾಂಕನ್ನು ತೆರೆದಿದ್ದರು. ತನ್ನ ಪಾಲಿನದನ್ನು ಮಾಡಿ ಬಂದವನು ಕೇಳಿದ ಪ್ರಶ್ನೆಗೆ ತೂಕವೇ ಬೇರೆ.

ಪ್ರಶ್ನೆ ಕೇಳುವುದು ಶರಣಮಾರ್ಗ

ಪರಿಷತ್ತಿನ ಸದಸ್ಯರಾಗಿದ್ದ ಆ ವರ್ಷಗಳೇ ಅವರ ವಚನ ಸಂಪಾದನೆಯ ನಿರ್ಣಾಯಕ ವರ್ಷಗಳೂ ಆಗಿದ್ದುದು ಗಮನಾರ್ಹ. 1922ರಲ್ಲಿ ವಚನಗಳ ಇಂಗ್ಲಿಷ್ ಅನುವಾದ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಬೆಳಕು ಕಂಡಿತು. ವಚನಶಾಸ್ತ್ರಸಾರದ ಮೊದಲ ಭಾಗವನ್ನು ಮುದ್ರಣಕ್ಕಾಗಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದಾಗ ಅದು ಹಿಂದಿರುಗಿ ಬಂತು. ಅವರು ಎದೆಗುಂದದೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಅದನ್ನು ಅಚ್ಚು ಮಾಡಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಹೊರಟವು. ಒಂದು ಶರಣರ ಅನುಭಾವಕ್ಕೆ, ಇನ್ನೊಂದು ನಾಡಿನ ಸುದ್ದಿ ಮತ್ತು ಏಕೀಕರಣದ ಕನಸಿಗೆ. ಇವುಗಳಿಗಾಗಿ ಅವರು ವಕೀಲಿಯ ಗಳಿಕೆಯನ್ನು ಸುರಿದರು. ಸ್ವಂತ ಮನೆಯನ್ನೂ ಮಾರಿ ಬಾಡಿಗೆ ಮನೆಯಲ್ಲಿ ಬಾಳಿದರು.

1930ರಲ್ಲಿ ಅವರು ಶೂನ್ಯಸಂಪಾದನೆಯನ್ನು ಪ್ರಕಟಿಸಿದರು. ಆ ಗ್ರಂಥವನ್ನು ಓದಿದವರಿಗೆ ಗೊತ್ತು, ಅದು ಮೊದಲಿನಿಂದ ಕೊನೆಯವರೆಗೆ ಪ್ರಶ್ನೋತ್ತರ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನೂ ಅಲ್ಲಮಪ್ರಭುಗಳು ಪ್ರಶ್ನಿಸುತ್ತಾರೆ. ಲೋಕೋಪಕಾರ ಮಾಡುತ್ತಿದ್ದಾನೆಂದು ಅವನಿಗೆ ರಿಯಾಯಿತಿಯಿಲ್ಲ. ಆ ಉಪಕಾರದೊಳಗೆ ಅಹಂಕಾರ ಸೇರಿದೆಯೇ ಎಂಬುದು ಪ್ರಭುಗಳ ಪರೀಕ್ಷೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅವಳಿಗೂ ಪ್ರಶ್ನೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಗಂಡನೆಂದು ನೋಡಲಿಲ್ಲ. ಈ ಹೆಚ್ಚಿನ ಅಕ್ಕಿ ಎಲ್ಲಿಂದ ಬಂತು, ಏತಕ್ಕೆ ಬಂತು ಎಂದು ಕೇಳಿ, ತಂದಲ್ಲಿಗೇ ಮರಳಿಸಲು ಹೇಳಿದಳು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ದೂರು ಬಂದಾಗ ಅವರು ಲೆಕ್ಕ ಒಪ್ಪಿಸಿದರೆಂದು ಪುರಾಣಗಳು ಹೇಳುತ್ತವೆ. ಕೇಳುವವರನ್ನು ಅವರು ಹಗೆಗಳೆಂದು ಬಗೆಯಲಿಲ್ಲ.

ಇದು ನಮ್ಮ ಧರ್ಮದ ಜೀವಾಳ. ಪದವಿಯಲ್ಲಿರುವವನನ್ನು ಕೇಳುವುದು ಅವಿನಯವಲ್ಲ. ಕೇಳದೆ ಇರುವುದೇ ಅವನಿಗೂ ಸಮಾಜಕ್ಕೂ ಮಾಡುವ ಕೇಡು. ಅಂತೆಯೇ ಕೇಳಿಸಿಕೊಂಡವನು ಸಿಟ್ಟಾಗದೆ ಲೆಕ್ಕ ಕೊಡುವುದು ಪದವಿಯ ಧರ್ಮ. ಹಗಲು ಪರಿಷತ್ತಿನ ಕಡತಗಳನ್ನೂ ಇರುಳು ತಾಡೋಲೆಗಳನ್ನೂ ಓದಿದ ಹಳಕಟ್ಟಿಯವರಿಗೆ ಈ ಎರಡು ಕೆಲಸಗಳೂ ಒಂದೇ ಶಿವಕಾರ್ಯವಾಗಿದ್ದವು.

ಸಂದ ಗೌರವ, ಕೊನೆಯ ದಿನಗಳು

1926ರಲ್ಲಿ ಬಳ್ಳಾರಿಯ ಹನ್ನೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದಿತು. ಸರಕಾರದಿಂದ ರಾವ್ ಬಹಾದ್ದೂರ್ ಬಿರುದು ಬಂತು. ಬಿ.ಎಂ.ಶ್ರೀಯವರು ಬಿಜಾಪುರಕ್ಕೆ ಬಂದಾಗ ಗೋಳಗುಮ್ಮಟವನ್ನು ನೋಡುವ ಮೊದಲು ವಚನ ಗುಮ್ಮಟವಾದ ಹಳಕಟ್ಟಿಯವರನ್ನು ನೋಡಬೇಕೆಂದರೆಂಬ ಪ್ರಸಂಗ ಮನೆಮಾತಾಗಿದೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷದ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮುಂಬಯಿಯ ನಂಟನ್ನು ಕಳಚಿಕೊಂಡು ಕನ್ನಡ ರಾಜ್ಯದಲ್ಲಿ ಸೇರಿತು. ಇಂಗ್ಲಿಷಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಇನ್ನು ಮುಂದೆ ಕನ್ನಡದಲ್ಲಿ ಕೇಳಬಹುದಾದ ದಿನವನ್ನು ಅವರು ಕಣ್ತುಂಬ ಕಂಡರು.

1964ರ ಮೇ 22ರಂದು ಬಸವನ ಬಾಗೇವಾಡಿ ಸೀಮೆಯ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟರು. ತಲೆಮಾರುಗಳಿಂದ ಈ ಸೀಮೆ ಕೇಳುತ್ತ ಬಂದ ನೀರಿನ ಪ್ರಶ್ನೆಗೆ ಅಂದು ಒಂದು ಉತ್ತರದ ಆರಂಭವಾಯಿತು. ಐದು ವಾರ ಕಳೆದು, ಜೂನ್ 29ರಂದು ಹಳಕಟ್ಟಿಯವರು ಬಿಜಾಪುರದಲ್ಲಿ ಲಿಂಗೈಕ್ಯರಾದರು. ಎಂಬತ್ತನಾಲ್ಕು ತುಂಬಲು ಮೂರೇ ದಿನ ಉಳಿದಿತ್ತು.

ನಮ್ಮ ಪಾಲಿನ ಕರ್ತವ್ಯ

ಇಂದು ಆಲಮಟ್ಟಿ, ನಾರಾಯಣಪುರಗಳಲ್ಲಿ ನೀರು ನಿಂತಿದೆ. ಕಾಲುವೆಗಳು ಸಿಂದಗಿ, ಇಂಡಿಗಳ ಕಡೆಗೆ ಚಾಚಿವೆ. ಆದರೂ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿತೇ, ಊರ ಶಾಲೆಗೆ ಗುರುಗಳು ಬಂದರೇ, ದವಾಖಾನೆಯಲ್ಲಿ ಔಷಧ ಉಂಟೇ, ನೀರಿಗಾಗಿ ನೆಲ ಬಿಟ್ಟುಕೊಟ್ಟವರಿಗೆ ನೆಲೆ ಸಿಕ್ಕಿತೇ ಎಂಬ ಪ್ರಶ್ನೆಗಳು ಮುಗಿದಿಲ್ಲ. ಅಂದು ಕೆಲವರಿಗಷ್ಟೇ ಇದ್ದ ಮತ ಇಂದು ಎಲ್ಲರಿಗೂ ಇದೆ. ಹಾಗಿರುವಾಗ ಕೇಳುವ ಹೊಣೆಯೂ ಎಲ್ಲರದು.

ಜಾತ್ರೆ, ಪುಣ್ಯಸ್ಮರಣೋತ್ಸವಗಳಲ್ಲಿ ಜನಪ್ರತಿನಿಧಿಗಳನ್ನು ಕರೆದು ಶಾಲು ಹೊದಿಸುವುದು ನಮ್ಮ ಸಂಪ್ರದಾಯ, ಅದು ನಡೆಯಲಿ. ಅದರೊಂದಿಗೆ ಊರಿನ ಹಿರಿಯರೂ ತಾಯಂದಿರೂ ಕೂಡಿ ಕುಳಿತು, ತಮ್ಮೂರಿನ ಒಂದೆರಡು ಪ್ರಶ್ನೆಗಳನ್ನು ಸ್ಪಷ್ಟವಾಗಿ ಬರೆದು ಅವರ ಕೈಗೆ ಕೊಡುವ ಪದ್ಧತಿಯೂ ಬೆಳೆಯಲಿ. ಯಾವ ಊರು, ಯಾವ ಕೆಲಸ, ಯಾವ ವರ್ಷ ಮಂಜೂರಾಯಿತು, ಎಲ್ಲಿಗೆ ನಿಂತಿತು ಎಂಬ ವಿವರ ಅದರಲ್ಲಿರಲಿ. ಬೈಗುಳ ಬೇಡ, ಹೊಗಳಿಕೆಯೂ ಬೇಡ. ಮುಂದಿನ ವರ್ಷ ಅದೇ ವೇದಿಕೆಗೆ ಅವರು ಬಂದಾಗ ಉತ್ತರವನ್ನು ವಿನಯದಿಂದ ಕೇಳೋಣ. ಕೇಳುವ ಮೊದಲು ಲಕ್ಕಮ್ಮನಂತೆ ನಮ್ಮ ಮನೆಯ ಅಕ್ಕಿಯನ್ನೂ ಒಮ್ಮೆ ಅಳೆದುಕೊಳ್ಳೋಣ: ನಾವು ತೆರಿಗೆ ಕಟ್ಟಿದ್ದೇವೆಯೇ, ಊರ ಕೆರೆಯನ್ನು ಒತ್ತಿಲ್ಲವಷ್ಟೇ, ಮತವನ್ನು ಮಾರಿಲ್ಲವಷ್ಟೇ?

ಜುಲೈ 2ರಂದು ಹಳಕಟ್ಟಿಯವರ ಭಾವಚಿತ್ರಕ್ಕೆ ಹೂವೇರಿಸುವಾಗ ಅವರು ಉಳಿಸಿಕೊಟ್ಟ ವಚನಗಳನ್ನು ಓದೋಣ. ಹಾಗೆಯೇ ಆ ವಚನಗಳಿಂದ ಅವರು ಕಲಿತ ಕೇಳುವ ಧೈರ್ಯವನ್ನೂ ಲೆಕ್ಕ ಕೊಡುವ ನಿಷ್ಠೆಯನ್ನೂ ನಮ್ಮ ಮಕ್ಕಳಿಗೆ ತಿಳಿಸಿಕೊಡೋಣ.